ಮೂರನೇ ಸಲ ಕೂಗೋವರೆಗೂ ಓಗೊಡಬೇಡ

ನಮ್ಮ ಅಜ್ಜಿ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕತ್ತಲಾದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲ ಸಲಕ್ಕೆ ಓಗೊಡಬಾರದು. ಎರಡನೇ ಸಲಕ್ಕೂ ಬಾಯಿ ಬಿಡಬಾರದು. ಮೂರನೇ ಸಲವೂ ಕೂಗಿದರೆ ಅದು ಮನುಷ್ಯರೇ, ಆಗ ಚಿಲಕ ತೆಗೀಬಹುದು. ದೆವ್ವಕ್ಕೆ ಮೂರನೇ ಸಲ ಕೂಗೋಕೆ ಬರೋದಿಲ್ಲವಂತೆ. ತಿಪಟೂರು ಹತ್ತಿರದ ಹಳ್ಳಿ ಅದು. ಮನೆ ಸುತ್ತ ತೆಂಗಿನ ತೋಟ, ರಾತ್ರಿ ಗಾಳಿಗೆ ಗರಿಗಳು ಒಂದಕ್ಕೊಂದು ಉಜ್ಜಿಕೊಂಡು ಯಾರೋ ನಡೆದು ಬಂದ ಹಾಗೇ ಸದ್ದು ಮಾಡುತ್ತಿದ್ದವು. ಆದರೆ ನನ್ನನ್ನು ಹೆದರಿಸಿದ್ದು ತೋಟ ಅಲ್ಲ, ಕತ್ತಲೂ ಅಲ್ಲ. ಅಜ್ಜಿ ಕಡೆಗೆ ಸೇರಿಸುತ್ತಿದ್ದ ಒಂದು ಮಾತು. ದೆವ್ವ ಯಾವತ್ತೂ ತನ್ನ ದನಿಯಲ್ಲಿ ಕೂಗೋದಿಲ್ಲ ಮಗಾ, ನಿಮ್ಮಮ್ಮನ ದನಿಯಲ್ಲೇ ಕೂಗುತ್ತೆ.

ಸೈನ್ಸ್ ಫಿಕ್ಷನ್, ಹಾರರ್ ಸಿನಿಮಾಗಳ ಹುಚ್ಚು ನನಗೆ ಹಿಡಿದು ಮೂವತ್ತು ವರ್ಷದ ಮೇಲಾಯಿತು. ಕಪ್ಪು ಬಿಳುಪಿನ ಮೂಕಿ ಚಿತ್ರದಿಂದ ಹಿಡಿದು ಹೋದ ವಾರ ಬಂದದ್ದರವರೆಗೆ ಸಿಕ್ಕಿದ್ದನ್ನೆಲ್ಲ ನೋಡಿದ್ದೇನೆ. "ಅದನ್ನ ನೋಡಿ ಏನು ಸುಖ ನಿಂಗೆ?" ಎಂದು ಕೇಳದ ನೆಂಟರಿಲ್ಲ. ಆ ಪ್ರಶ್ನೆಗೆ ಇವತ್ತು ಸರಿಯಾಗಿ ಉತ್ತರ ಬರೆಯೋಣ ಅಂತ ಕೂತಿದ್ದೇನೆ. ಕೋರೆಹಲ್ಲು, ರಕ್ತ, ನೀರಿನಿಂದ ಎದ್ದು ಬರುವ ದೈತ್ಯ, ಇವೆಲ್ಲ ನೋಡುವಾಗ ಮಜಾ ಕೊಡುತ್ತವೆ, ಎರಡು ದಿನಕ್ಕೆ ಮರೆತುಹೋಗುತ್ತವೆ. ಮನಸ್ಸಿನಲ್ಲಿ ವರ್ಷಗಟ್ಟಲೆ ಕೂರುವುದು ಅಜ್ಜಿ ಹೇಳಿದ ಆ ಭಯ. ಗೊತ್ತಿರೋ ಮುಖ, ಗೊತ್ತಿರೋ ದನಿ, ಒಳಗೆ ಮಾತ್ರ ಬೇರೆ ಯಾರೋ. ನಾನು ತುಂಬಾ ಪ್ರೀತಿಸುವ ಸಿನಿಮಾಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಬಹುಪಾಲು ಇದೇ ಭಯದಿಂದ ಹುಟ್ಟಿದವು.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಆ ಭಯ ಊರಿಗೂ ಬಂತು. 90ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದು ನೆನಪಿರುವವರು ಈಗಲೂ ಬೇಕಾದಷ್ಟು ಜನ ಇದ್ದಾರೆ. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತೆ, ಬಾಗಿಲು ತೆಗೆದರೆ ಕಥೆ ಮುಗೀತು, ಗೋಡೆ ಮೇಲೆ ನಾಳೆ ಬಾ ಅಂತ ಇದ್ದರೆ ಓದಿಕೊಂಡು ವಾಪಸ್ ಹೋಗುತ್ತೆ, ಮರುದಿನ ಮತ್ತೆ ಬಂದರೆ ಮತ್ತೆ ಅದೇ ಬರಹ. ನಮ್ಮಪ್ಪ ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೂ ಸೀಮೆಸುಣ್ಣದಲ್ಲಿ ಬರೆದರು. ಮಳೆಗೆ ಅಳಿಸಿಹೋದ ದಿನ ನಾವು ಹೇಳುವ ಮೊದಲೇ ಎದ್ದು ಹೋಗಿ ಮತ್ತೆ ಬರೆದರು, ಈ ಸಲ ಸ್ವಲ್ಪ ದೊಡ್ಡದಾಗಿ. 2018ರಲ್ಲಿ ಹಿಂದಿಯ 'ಸ್ತ್ರೀ' ಸಿನಿಮಾ ಬಂದು, ಅದರಲ್ಲಿ ಚಂದೇರಿ ಊರಿನ ಗೋಡೆಗಳ ಮೇಲೆ 'ಓ ಸ್ತ್ರೀ ಕಲ್ ಆನಾ' ಎಂದು ಬರೆದಿರುವುದನ್ನು ನೋಡಿದಾಗ ಥಿಯೇಟರ್ ತುಂಬಾ ಜನ ನಗುತ್ತಿದ್ದರು. ನನಗೆ ಅಪ್ಪನ ಕೈಬರಹ ಕಣ್ಣ ಮುಂದೆ ಬಂತು.

ಸಿನಿಮಾದಲ್ಲಿ ಈ ಭಯವನ್ನು ನನಗೆ ಮೊದಲು ತೋರಿಸಿದ್ದು 'ನಾ ನಿನ್ನ ಬಿಡಲಾರೆ'. 1979ರ ಚಿತ್ರ, ವಿಜಯ್ ನಿರ್ದೇಶನ, ಅನಂತನಾಗ್ ಮತ್ತು ಲಕ್ಷ್ಮಿ. ನಾನು ಟಿವಿಯಲ್ಲಿ ನೋಡುವಾಗ ಅದಕ್ಕೆ ಹತ್ತು ವರ್ಷ ದಾಟಿತ್ತು, ಆದರೂ ಅಮ್ಮನ ಸೆರಗು ಬಿಡಲಿಲ್ಲ. ಈಗ ಮತ್ತೆ ನೋಡಿದರೆ ಮೇಕಪ್ಪು, ಗಾಳಿಗೆ ಬಡಿದುಕೊಳ್ಳುವ ಕಿಟಕಿ, ಅವೆಲ್ಲ ಹಳೆಯದಾಗಿವೆ. ಅನಂತನಾಗ್ ಮಾತ್ರ ಹಳೆಯದಾಗಿಲ್ಲ. ಮೈಮೇಲೆ ಬಂದಾಗ ಅವರ ಕಣ್ಣು, ನಿಲ್ಲುವ ರೀತಿ, ಕತ್ತು ತಿರುಗಿಸುವ ರೀತಿ ಬದಲಾಗುತ್ತೆ, ಅದೇ ಮನುಷ್ಯ ಅಲ್ಲ ಅನ್ನುವುದು ಗೊತ್ತಾಗಿಬಿಡುತ್ತೆ. ಆ ಸಿನಿಮಾದಲ್ಲಿ ನಾನು ಈಗ ನೋಡುವುದು ಲಕ್ಷ್ಮಿಯ ಮುಖವನ್ನು. ಗಂಡ ಎದುರಿಗೇ ಇದ್ದಾನೆ, ಇಲ್ಲ ಕೂಡ. ಆ ಹೆಂಗಸು ಯಾರ ಹತ್ತಿರ ಹೋಗಿ ಹೇಳಬೇಕು?

ಇನ್ನು 'ಐಸ್ ದೆವ್ವ'ದ ಕಥೆ.

1993ರ ಬೇಸಿಗೆ ರಜ. ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಿಂದ ಒಂದು ರಾತ್ರಿಗೆ ವಿಸಿಆರ್ ಬಾಡಿಗೆಗೆ ತಂದರೆ ಜೊತೆಗೆ ಮೂರು ಕ್ಯಾಸೆಟ್ ಕೊಡುತ್ತಿದ್ದರು. ಬೆಳಿಗ್ಗೆ ಏಳಕ್ಕೆ ವಾಪಸ್ ಕೊಡಬೇಕು, ಇಲ್ಲದಿದ್ದರೆ ಇನ್ನೊಂದು ದಿನದ ಬಾಡಿಗೆ. ಮೊದಲನೆಯದು ಅಪ್ಪ ಅಮ್ಮನಿಗೆ, ಎರಡನೆಯದು ಎಲ್ಲರಿಗೂ, ಮೂರನೆಯದು ನಾನು ಮತ್ತು ಅಣ್ಣ ಆರಿಸಿದ್ದು. ಅದರ ರಟ್ಟಿನ ಕವರ್ ಕಳೆದುಹೋಗಿತ್ತು. ಕ್ಯಾಸೆಟ್ಟಿನ ಬೆನ್ನಿಗೆ ಬಿಳಿ ಪೇಪರ್ ಅಂಟಿಸಿ ಅಂಗಡಿಯವರೇ ಬಾಲ್‌ಪೆನ್ನಲ್ಲಿ 'ಐಸ್ ದೆವ್ವ' ಎಂದು ಬರೆದಿದ್ದರು. ರಾತ್ರಿ ಹನ್ನೆರಡೂವರೆಗೆ ಹಾಕಿದೆವು. ಸೌಂಡ್ ಪೂರ್ತಿ ಕಮ್ಮಿ, ಟಿವಿಗೆ ಒಂದು ಮೊಳ ದೂರದಲ್ಲಿ ಇಬ್ಬರೂ ಒಂದೇ ಕಂಬಳಿಯಲ್ಲಿ.

ಎಲ್ಲೆಲ್ಲೂ ಹಿಮ. ಒಂದು ನಾಯಿ ಓಡುತ್ತಿದೆ, ಹೆಲಿಕಾಪ್ಟರ್‌ನಿಂದ ಅದಕ್ಕೆ ಗುಂಡು ಹೊಡೆಯುತ್ತಿದ್ದಾರೆ. ನಾಯಿ ಬೇರೆ ಯಾರದೋ ಬಿಡಾರಕ್ಕೆ ಬಂದು ಸೇರುತ್ತೆ, ಗುಂಡು ಹೊಡೆಯುತ್ತಿದ್ದವನೇ ಸಾಯುತ್ತಾನೆ. ಇಂಗ್ಲಿಷ್ ನಮಗೆ ಅಷ್ಟಾಗಿ ಅರ್ಥ ಆಗುತ್ತಿರಲಿಲ್ಲ, ಅರ್ಥ ಆಗುವ ಅಗತ್ಯವೂ ಇರಲಿಲ್ಲ. ಏನೋ ಒಂದು ಒಳಗೆ ಬಂದಿದೆ, ಅದು ಯಾರನ್ನು ಹಿಡಿದರೆ ಅವರ ಹಾಗೇ ಆಗಿಬಿಡುತ್ತೆ, ಅಷ್ಟು ತಿಳಿಯಿತು. ಒಂದು ಕಡೆ ಗಡ್ಡದ ನಾಯಕ ಉಳಿದವರನ್ನೆಲ್ಲ ಕಟ್ಟಿ ಕೂರಿಸಿ, ಎಲ್ಲರ ಹೆಬ್ಬೆರಳು ಕುಯ್ದು ರಕ್ತವನ್ನು ಸಣ್ಣ ಸಣ್ಣ ಗಾಜಿನ ತಟ್ಟೆಗಳಿಗೆ ಹಿಡಿಸುತ್ತಾನೆ. ತಾಮ್ರದ ತಂತಿಯನ್ನು ಬೆಂಕಿಯಲ್ಲಿ ಕಾಯಿಸಿ ಒಂದೊಂದೇ ತಟ್ಟೆಗೆ ಅದ್ದುತ್ತಾನೆ. ಚುಸ್ಸ್ ಅಂತ ಸದ್ದು ಬಂದರೆ ಮನುಷ್ಯ. ಒಂದಾಯಿತು. ಎರಡಾಯಿತು. ಸತ್ತವರದ್ದೂ ನೋಡಿದ. ಮುಂದಿನ ತಟ್ಟೆ ಎತ್ತಿಕೊಂಡು ತಂತಿ ಕಾಯಿಸುತ್ತಿದ್ದ.

ಕರೆಂಟ್ ಹೋಯಿತು.

ಬರಲೇ ಇಲ್ಲ. ನಾವು ಕತ್ತಲಲ್ಲಿ ಹಾಗೇ ಕೂತಿದ್ದೆವು. ಅಣ್ಣ ಸೀಮೆಎಣ್ಣೆ ಬುಡ್ಡಿ ತರಲು ಅಡುಗೆಮನೆಗೆ ಹೋದ. ಅಲ್ಲಿಂದ ನನ್ನ ಹೆಸರು ಹಿಡಿದು ಬೆಂಕಿಪೊಟ್ಟಣ ಎಲ್ಲಿ ಅಂತ ಕೇಳಿದ. ನಾನು ಓಗೊಡಲಿಲ್ಲ. ಮತ್ತೆ ಕೇಳಿದ. ಆಗಲೂ ಸುಮ್ಮನಿದ್ದೆ. ಮೂರನೇ ಸಲಕ್ಕೆ ಅಮ್ಮ ಎದ್ದರು, ಇಬ್ಬರಿಗೂ ಬೈಗುಳ ಬಿತ್ತು. ಬೆಳಿಗ್ಗೆ ಏಳಕ್ಕೆ ಕ್ಯಾಸೆಟ್ ವಾಪಸ್ ಹೋಯಿತು. ಮುಂದಿನ ಸಲ ಕೇಳಿದಾಗ ಅದು ಅಂಗಡಿಯಲ್ಲಿ ಇರಲಿಲ್ಲ. ಸಿನಿಮಾದ ನಿಜವಾದ ಹೆಸರೂ ನಮಗೆ ಗೊತ್ತಿರಲಿಲ್ಲ. ಯಾರಿಗೆ ಬಂದಿತ್ತು ಅದು? ಅಣ್ಣ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡಿದ್ದ ಯಜಮಾನನೇ ಅಂತ ಹೇಳುತ್ತಿದ್ದ. ನಾನು ಅಡುಗೆಯವನ ಮೇಲೆ ಅನುಮಾನ ಪಡುತ್ತಿದ್ದೆ. ಹನ್ನೊಂದು ವರ್ಷ ಈ ವಾದ ನಡೆಯಿತು.

2004ರಲ್ಲಿ ಬೆಂಗಳೂರಿನಲ್ಲಿ ಪೀಜಿಯಲ್ಲಿದ್ದೆ. ಪಕ್ಕದ ರೂಮಿನ ಹುಡುಗಿ ಒಂದು ರಾತ್ರಿ ಕಂಪ್ಯೂಟರ್‌ನಲ್ಲಿ ಏನೋ ಹಾಕಿದಳು. ಹಿಮ, ಹೆಲಿಕಾಪ್ಟರ್, ಓಡುವ ನಾಯಿ. ನಾನು ಕೂಗಿಕೊಂಡೇಬಿಟ್ಟೆ. ಜಾನ್ ಕಾರ್ಪೆಂಟರ್ ನಿರ್ದೇಶನದ 'ದಿ ಥಿಂಗ್', 1982. (ನೋಡದೇ ಇರುವವರು, ನೋಡಬೇಕು ಅಂತ ಇರುವವರು ಮುಂದಿನ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಿ, ದಯವಿಟ್ಟು.)

ಆ ದೃಶ್ಯ ಹೇಗಿದೆ ಅಂದರೆ, ತಂತಿ ಹಿಡಿದ ಮ್ಯಾಕ್‌ರೆಡಿಗೆ ಯಜಮಾನ ಗ್ಯಾರಿ ಸೋಫಾದಿಂದಲೇ ಇದೆಲ್ಲ ಹುಚ್ಚಾಟ, ಇದರಿಂದ ಏನೂ ಸಾಬೀತಾಗಲ್ಲ ಅಂತ ರೇಗುತ್ತಾನೆ. ಮ್ಯಾಕ್‌ರೆಡಿ ಅವನ ಕಡೆ ತಿರುಗಿ, ನಿನ್ನದನ್ನು ಕಡೆಯಲ್ಲಿ ನೋಡುತ್ತೇನೆ ಎನ್ನುತ್ತಾನೆ. ನಮ್ಮ ಕಣ್ಣು, ಅನುಮಾನ ಎರಡೂ ಗ್ಯಾರಿಯ ಮುಖದ ಮೇಲೆ ನಿಂತಿರುತ್ತವೆ. ಮಾತಾಡುತ್ತಲೇ, ಅತ್ತ ಗಮನವೇ ಇಲ್ಲದ ಹಾಗೆ, ಕೈಯಲ್ಲಿರುವ ತಟ್ಟೆಗೆ ತಂತಿ ಅದ್ದುತ್ತಾನೆ. ಅದು ಪಾಮರ್‌ನ ರಕ್ತ. ಕಿರುಚಿಕೊಂಡು ತಟ್ಟೆಯಿಂದ ಮೇಲಕ್ಕೆ ಹಾರುತ್ತೆ. ಉದ್ದ ಕೂದಲಿನ ಪಾಮರ್‌ನನ್ನು ಅಲ್ಲಿಯವರೆಗೆ ನಾವ್ಯಾರೂ ಸರಿಯಾಗಿ ನೋಡಿಯೇ ಇರಲಿಲ್ಲ. ಅವನ ಪಕ್ಕದಲ್ಲಿ ಅದೇ ಸೋಫಾಗೆ ಕಟ್ಟಿಹಾಕಿಸಿಕೊಂಡು ಕೂತಿರುವವರ ಗತಿ ನೋಡಿ, ಬಿಡಿಸಿಕೊಳ್ಳಲೂ ಆಗದೆ ಒದ್ದಾಡುತ್ತಾರೆ. ಆ ರಾತ್ರಿ ಒಂದು ಗಂಟೆಗೆ ಅಣ್ಣನಿಗೆ ಫೋನ್ ಮಾಡಿದೆ. "ಅಣ್ಣಾ, ಯಜಮಾನನೂ ಅಲ್ಲ, ಅಡುಗೆಯವನೂ ಅಲ್ಲ ಕಣೋ" ಎಂದೆ. ಯಾವ ವಿಷಯ ಅಂತ ಅವನು ಕೇಳಲೇ ಇಲ್ಲ. "ಮತ್ತೆ ಯಾರು?" ಅಂದ.

ಈ ಸಿನಿಮಾ ಹೇಗೆ ಮಾಡಿದರು ಅನ್ನುವುದನ್ನು ಆಮೇಲೆ ಹುಡುಕಿ ಹುಡುಕಿ ಓದಿದೆ. ಅದರ ದೈತ್ಯರೂಪಗಳನ್ನು ಮಾಡಿದ ರಾಬ್ ಬಾಟಿನ್‌ಗೆ ಆಗ ಇಪ್ಪತ್ತರ ಮೊದಲ ವರ್ಷಗಳ ಪ್ರಾಯ. ಒಂದು ವರ್ಷಕ್ಕಿಂತ ಜಾಸ್ತಿ ದಿನ ಬಿಡುವಿಲ್ಲದೆ ದುಡಿದು ಕಡೆಗೆ ಸುಸ್ತಾಗಿ ಆಸ್ಪತ್ರೆ ಸೇರಿದ. ನಾಯಿಗೂಡಿನ ದೃಶ್ಯದ ಪ್ರಾಣಿಯನ್ನು ಮಾಡಿಕೊಟ್ಟಿದ್ದು ಸ್ಟ್ಯಾನ್ ವಿನ್‌ಸ್ಟನ್. ಡಾಕ್ಟರ್ ಶಾಕ್ ಕೊಡಲು ಹೋದಾಗ ಮಲಗಿದ್ದ ನಾರಿಸ್‌ನ ಎದೆ ಬಾಯಿಯ ಹಾಗೆ ತೆರೆದು ಡಾಕ್ಟರ ಎರಡೂ ಕೈ ಕಚ್ಚಿ ಕತ್ತರಿಸುವ ದೃಶ್ಯ ಇದೆಯಲ್ಲ, ಅಲ್ಲಿ ಎರಡೂ ಕೈ ಇಲ್ಲದ ಒಬ್ಬರನ್ನು ಕರೆತಂದು, ಅವರಿಗೆ ಕೃತಕ ಕೈ ಜೋಡಿಸಿ, ಮುಖಕ್ಕೆ ಡಾಕ್ಟರ್ ಪಾತ್ರದ ನಟನ ಮುಖವಾಡ ಹಾಕಿ ತೆಗೆದಿದ್ದಾರೆ. ಕಂಪ್ಯೂಟರ್ ಇಲ್ಲ, ರಬ್ಬರ್, ಅಂಟು, ಬಣ್ಣ, ಯಂತ್ರ, ಕೈಕೆಲಸ. ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಈ ರೂಪಗಳನ್ನೇ ಆಗಿನ ವಿಮರ್ಶಕರು ಬೈದರು, ಎಲ್ಲವನ್ನೂ ತೋರಿಸಿಬಿಟ್ಟಿದ್ದಾರೆ, ಅಸಹ್ಯ ಅಂತ. ನನಗೆ ಅವರ ಮಾತು ಒಪ್ಪಿಗೆ ಇಲ್ಲ. ಕಾರ್ಪೆಂಟರ್ ತೋರಿಸಿದ್ದು ದೈತ್ಯವನ್ನು, ತೋರಿಸದೆ ಇಟ್ಟುಕೊಂಡದ್ದು ಯಾರು ಅನ್ನುವುದನ್ನು. ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಕೇಂದ್ರ, ಹನ್ನೆರಡು ಗಂಡಸರು, ಒಂದೇ ಸೂರು, ಹೊರಗೆ ಹೋದರೆ ಚಳಿಗೆ ಸಾವು. ಅಷ್ಟು ವರ್ಷ ಜೊತೆಗೆ ಉಂಡವನ ಮುಖ ನೋಡಿ ಇವನು ಇವನೇನಾ ಎಂದು ಕೇಳಿಕೊಳ್ಳಬೇಕು. ಕೊನೆಯಲ್ಲೂ ಇಬ್ಬರು ಉರಿಯುವ ಬಿಡಾರದ ಮುಂದೆ ಎದುರುಬದುರು ಕೂತು ಒಂದು ಬಾಟಲಿ ಹಂಚಿಕೊಳ್ಳುತ್ತಾರೆ, ಒಬ್ಬರಿಗೊಬ್ಬರ ಮೇಲೆ ನಂಬಿಕೆ ಇಲ್ಲ, ಸಿನಿಮಾ ನಮಗೂ ಹೇಳುವುದಿಲ್ಲ.

ಇನ್ನೊಂದು ಸಂಗತಿ ಗೊತ್ತಾದಾಗ ಮೈ ಜುಮ್ಮೆಂದಿತು. ಮೊದಲಲ್ಲಿ ಗುಂಡು ಹೊಡೆಯುವವನು ನಾರ್ವೆ ದೇಶದವನು, ಏನೋ ಕೂಗುತ್ತಾನೆ, ಕೆಳಗೆ ಅಕ್ಷರ ಬರುವುದಿಲ್ಲ, ಅಲ್ಲಿದ್ದವರಿಗೂ ಅರ್ಥ ಆಗುವುದಿಲ್ಲ. ಅವನು ಹೇಳುತ್ತಿರುವುದು ಇದು ನಾಯಿ ಅಲ್ಲ, ಓಡಿಹೋಗಿ ಅಂತ. ನಾರ್ವೆ ಭಾಷೆ ಬಲ್ಲ ಪ್ರೇಕ್ಷಕನಿಗೆ ಮೊದಲ ಹತ್ತು ನಿಮಿಷದಲ್ಲೇ ಇಡೀ ಗುಟ್ಟು ಗೊತ್ತಾಗಿರುತ್ತೆ. ಉಳಿದ ನಾವೆಲ್ಲ ಪಾಪದ ನಾಯಿ ಅಂತ ಮರುಗುತ್ತಿರುತ್ತೇವೆ.

1982ರ ಜೂನ್ 25ರಂದು ಬಿಡುಗಡೆಯಾದ ಈ ಚಿತ್ರ ಸೋತಿತು. ಎರಡು ವಾರ ಮುಂಚೆ ಸ್ಪೀಲ್‌ಬರ್ಗ್ ಅವರ 'ಇ.ಟಿ.' ಬಂದು ಜನರ ಮನಸ್ಸನ್ನೆಲ್ಲ ಗೆದ್ದಿತ್ತು. ಪ್ರೀತಿಸೋ ಅನ್ಯಗ್ರಹ ಜೀವಿ ಸಿಕ್ಕಮೇಲೆ ಇದು ಯಾರಿಗೆ ಬೇಕು? ಅದೇ ದಿನ ತೆರೆಕಂಡ 'ಬ್ಲೇಡ್ ರನ್ನರ್' ಕೂಡ ಸೋತಿತು. ಈಗ ಅವೆರಡನ್ನೂ ಬಿಟ್ಟು ಸೈನ್ಸ್ ಫಿಕ್ಷನ್ ಚಿತ್ರಗಳ ಬಗ್ಗೆ ಮಾತಾಡೋಕೇ ಆಗಲ್ಲ. ಎನ್ನಿಯೋ ಮೊರಿಕೋನೆ ಈ ಚಿತ್ರಕ್ಕೆ ಕೊಟ್ಟ ಸಂಗೀತವನ್ನು ಕೆಟ್ಟ ಸಿನಿಮಾಗಳನ್ನು ಅಣಕಿಸಿ ಕೊಡುವ ಪ್ರಶಸ್ತಿಗೆ, ಅಂದರೆ ಆ ವರ್ಷದ ಅತಿ ಕೆಟ್ಟ ಸಂಗೀತದ ರ್‍ಯಾಝಿ ಪಟ್ಟಿಗೆ ಸೇರಿಸಿದ್ದರು. ಕಾರ್ಪೆಂಟರ್ ಬಳಸದೆ ಬಿಟ್ಟಿದ್ದ ಅದೇ ಸಂಗೀತದ ತುಣುಕುಗಳು ಟ್ಯಾರಂಟಿನೋ ಅವರ 2015ರ 'ದಿ ಹೇಟ್‌ಫುಲ್ ಏಟ್' ಚಿತ್ರದಲ್ಲಿ ಬಂದವು, ಆ ಚಿತ್ರದ ಸಂಗೀತಕ್ಕೆ ಮೊರಿಕೋನೆ ಆಸ್ಕರ್ ಪಡೆದರು. ದಕ್ಷಿಣ ಧ್ರುವದ ಅಮುಂಡ್‌ಸೆನ್-ಸ್ಕಾಟ್ ಕೇಂದ್ರದಲ್ಲಿ ಚಳಿಗಾಲ ಕಳೆಯಲು ಉಳಿಯುವವರು ಕೊನೆಯ ವಿಮಾನ ಹೋದ ಮೇಲೆ ಎಲ್ಲರೂ ಒಟ್ಟಿಗೆ ಕೂತು 'ದಿ ಥಿಂಗ್' ನೋಡುವುದು ಒಂದು ಸಂಪ್ರದಾಯವೇ ಆಗಿದೆ. ಮುಂದೆ ತಿಂಗಳುಗಟ್ಟಲೆ ಹೊರಗಿನಿಂದ ಯಾರೂ ಬರುವುದಿಲ್ಲ, ಅಲ್ವಾ? ಆ ಕೋಣೆಯಲ್ಲಿ ಕೂತು ನೋಡುವುದು ಹೇಗಿರಬಹುದು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಇದೇ ಭಯವನ್ನು ಇದಕ್ಕೂ ಮೊದಲು ಹಿಡಿದದ್ದು 'ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್'. 1956ರದ್ದು, ಡಾನ್ ಸೀಗಲ್ ನಿರ್ದೇಶನ, ಕಪ್ಪು ಬಿಳುಪು. ರಕ್ತ ಇಲ್ಲ, ಕೋರೆಹಲ್ಲಿಲ್ಲ. ಒಬ್ಬ ಚಿಕ್ಕ ಹುಡುಗ ಇವಳು ನಮ್ಮಮ್ಮ ಅಲ್ಲ ಅಂತ ಅಳುತ್ತಾನೆ. ಒಬ್ಬ ಹೆಂಗಸು ತೋಟದಲ್ಲಿ ಹುಲ್ಲು ಕತ್ತರಿಸುತ್ತಿರುವ ತನ್ನ ಚಿಕ್ಕಪ್ಪನನ್ನು ದೂರದಿಂದ ನೋಡುತ್ತಾ, ಮುಖ ಅದೇ, ದನಿ ಅದೇ, ಹಳೆಯ ನೆನಪೆಲ್ಲ ಇದೆ, ಆದರೆ ನನ್ನ ಜೊತೆ ಮಾತಾಡುವಾಗ ಅವನ ಕಣ್ಣಲ್ಲಿ ಇರುತ್ತಿದ್ದ ಅದೊಂದು ಇಲ್ಲ ಎನ್ನುತ್ತಾಳೆ. ಇಷ್ಟೇ. ಇದಕ್ಕಿಂತ ದೊಡ್ಡ ಹೆದರಿಕೆ ಯಾವ ಸಿನಿಮಾದಲ್ಲಿ ಇದೆ ಹೇಳಿ. 1978ರಲ್ಲಿ ಫಿಲಿಪ್ ಕಾಫ್‌ಮನ್ ಇದನ್ನೇ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ತಂದು ಮತ್ತೆ ಮಾಡಿದರು. ಹಳೆಯ ಚಿತ್ರದ ನಾಯಕ ಕೆವಿನ್ ಮೆಕಾರ್ಥಿ ಹೊಸದರಲ್ಲೂ ರಸ್ತೆಯಲ್ಲಿ ಕಿರುಚಿಕೊಂಡು ಓಡಿ ಬರುತ್ತಾರೆ, ಇಪ್ಪತ್ತೆರಡು ವರ್ಷದಿಂದ ಓಡುತ್ತಲೇ ಇದ್ದರೇನೋ ಎನ್ನುವ ಹಾಗೆ. ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಆದ್ದರಿಂದ ಬದಲಾದದ್ದು ತಿಳಿಯುತ್ತೆ. ದೊಡ್ಡ ನಗರದಲ್ಲಿ ಪಕ್ಕದ ಮನೆಯವರು ಬದಲಾದರೆ ಯಾರಿಗೆ ಗೊತ್ತಾಗಬೇಕು? ಬೆಂಗಳೂರಿನಲ್ಲಿ ಇಷ್ಟು ವರ್ಷ ಇದ್ದ ಮೇಲೆ ನನಗೆ ಎರಡನೆಯದೇ ಜಾಸ್ತಿ ತಟ್ಟುತ್ತೆ. ಅದರ ಕೊನೆಯ ನಿಮಿಷವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

'ಏಲಿಯನ್' ಬಗ್ಗೆ ಎಲ್ಲರೂ ಊಟದ ಮೇಜಿನ ದೃಶ್ಯ ಹೇಳುತ್ತಾರೆ, ಒಬ್ಬನ ಎದೆ ಸೀಳಿ ಪ್ರಾಣಿ ಹೊರಗೆ ಬರುವುದು. 1979ರ ಆ ದೃಶ್ಯ ತೆಗೆಯುವಾಗ ರಿಡ್ಲಿ ಸ್ಕಾಟ್ ಎಷ್ಟು ರಕ್ತ ಚಿಮ್ಮುತ್ತೆ ಅನ್ನುವುದನ್ನು ಉಳಿದ ನಟರಿಗೆ ಹೇಳಿರಲಿಲ್ಲ, ವೆರೋನಿಕಾ ಕಾರ್ಟ್‌ರೈಟ್ ಮುಖಕ್ಕೆ ಬಂದು ಬಡಿದಾಗ ಅವರು ಬೆಚ್ಚಿದ್ದು ನಿಜವಾದ ಬೆಚ್ಚು. ಒಪ್ಪಿದೆ, ಅದು ಭಯಂಕರ. ಆದರೆ ನನ್ನ ಉಸಿರು ನಿಂತದ್ದು ಬಾಹ್ಯಾಕಾಶ ನೌಕೆಯಲ್ಲಿದ್ದ ಆಶ್ ಮನುಷ್ಯ ಅಲ್ಲ, ಯಂತ್ರ ಅನ್ನುವ ಗುಟ್ಟು ಬಯಲಾದಾಗ. ಮೊದಲಿನಿಂದ ಜೊತೆಗಿದ್ದವನು, ಅದೇ ಮೇಜಿನಲ್ಲಿ ಉಂಡವನು, ಹಣೆಯಿಂದ ಒಂದು ಬಿಳಿ ಹನಿ ಇಳಿಯುತ್ತೆ. ಬೆವರು ಅಲ್ಲ, ರಕ್ತವೂ ಅಲ್ಲ, ಹಾಲಿನಂಥದ್ದು. ಆ ಒಂದು ಹನಿ ಸಾಕು. ಹೊರಗಿನ ಪ್ರಾಣಿ ಅಷ್ಟು ದೊಡ್ಡದಿದ್ದರೂ ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಜಾರ್ಜ್ ರೊಮೆರೊ ಅವರ 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಕೂಡ ಇದೇ ಸಾಲಿನದು. ಪಿಟ್ಸ್‌ಬರ್ಗ್ ಸುತ್ತ ಕಮ್ಮಿ ದುಡ್ಡಿನಲ್ಲಿ ತೆಗೆದದ್ದು, ರಕ್ತಕ್ಕೆ ಚಾಕೊಲೇಟ್ ಸಿರಪ್. ಕೊನೆಯಲ್ಲಿ ಹೆಸರು ಬದಲಾಯಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಗಿ, ಅದು ಯಾರ ಆಸ್ತಿಯೂ ಆಗದೆ ಎಲ್ಲರ ಆಸ್ತಿಯಾಯಿತು. ಇಂಟರ್‌ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ, ಇವತ್ತೇ ನೋಡಬಹುದು. ಮಾಡಿದವರಿಗೆ ಆದ ನಷ್ಟ ದೊಡ್ಡದು, ಆದರೆ ಊರೂರಿನ ಟಿವಿಗಳಲ್ಲಿ, ಕ್ಯಾಸೆಟ್‌ಗಳಲ್ಲಿ ಅದು ಅಷ್ಟೊಂದು ಹರಡಲು ಅದೂ ಒಂದು ಕಾರಣ. ಬಾಗಿಲು ಮುರಿದು ನುಗ್ಗುವ ಹೆಣಗಳ ಗುಂಪಿನಲ್ಲಿ, ಮನೆಯೊಳಗೆ ಸಿಕ್ಕಿಕೊಂಡಿರುವ ಬಾರ್ಬರಾಗೆ ಒಂದು ಮುಖ ಕಾಣುತ್ತೆ. ಅವಳ ಅಣ್ಣ. ಅವನೇ ಅವಳನ್ನು ಹೊರಗೆ ಎಳೆದುಕೊಳ್ಳುತ್ತಾನೆ. ಆ ಭಾಗವನ್ನು ನಾನು ಅಣ್ಣನ ಜೊತೆ ಕೂತು ನೋಡಿಲ್ಲ, ನೋಡೋದೂ ಇಲ್ಲ.

ಗಾಡ್ಜಿಲ್ಲಾ ಕೂಡ ನನಗೆ ತುಂಬಾ ಇಷ್ಟ, ಅದರಲ್ಲೂ 1954ರ ಮೊದಲನೆಯದು. ಅದೇ ವರ್ಷ ಮಾರ್ಚ್‌ನಲ್ಲಿ ಬಿಕಿನಿ ದ್ವೀಪದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಒಂದು ಮೀನುದೋಣಿಯ ಮೇಲೆ ಬಿದ್ದು ಅದರಲ್ಲಿದ್ದ 23 ಜನರಿಗೂ ವಿಕಿರಣ ತಟ್ಟಿತ್ತು. ಆ ನೋವಿನಲ್ಲೇ ಹುಟ್ಟಿದ ಸಿನಿಮಾ ಅದು. ಆದರೆ ಗಾಡ್ಜಿಲ್ಲಾ ಬರುವುದು ದೂರದಿಂದ, ಬರುವ ಮುಂಚೆ ನೆಲ ಅದುರುತ್ತೆ. ನಾನು ಹೇಳುತ್ತಿರುವುದು ಹೊಸ್ತಿಲ ಒಳಗೇ ಇರುವುದರ ಬಗ್ಗೆ, ಅದಕ್ಕೇ ಇಲ್ಲಿಗೆ ಬಿಡುತ್ತೇನೆ.

ಈ ಸಾಲಿನ ಮುತ್ತಜ್ಜಿ 'ಮೆಟ್ರೊಪೊಲಿಸ್'. ಫ್ರಿಟ್ಜ್ ಲ್ಯಾಂಗ್, 1927. ದುಡಿಯುವ ಜನ ಪ್ರೀತಿಸುವ ಮರಿಯಾಳ ಮುಖವನ್ನು ಒಂದು ಯಂತ್ರಕ್ಕೆ ಹಾಕಿ ಅವರ ನಡುವೆ ಬಿಡುತ್ತಾರೆ. ಎರಡೂ ಪಾತ್ರ ಮಾಡಿದ್ದು ಬ್ರಿಗಿಟ್ಟೆ ಹೆಲ್ಮ್, ಇನ್ನೂ ಹರೆಯದ ಹುಡುಗಿ. ಮೇಕಪ್ಪಿನಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಒಂದು ರೆಪ್ಪೆ ಸ್ವಲ್ಪ ಕೆಳಗಿಳಿಸಿ, ಹೆಗಲನ್ನು ಒಂದು ಥರ ಜರುಗಿಸಿ, ಮೈಯನ್ನು ಝಟ್ಟನೆ ತಿರುಗಿಸಿ ಇವಳು ಅವಳಲ್ಲ ಅಂತ ತೋರಿಸಿಬಿಡುತ್ತಾಳೆ. ಅನಂತನಾಗ್ ಮಾಡಿದ್ದೂ ಅದನ್ನೇ ಅಲ್ವಾ, ಐವತ್ತು ವರ್ಷ ಆದಮೇಲೆ. ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಈ ಚಿತ್ರವನ್ನು ಕತ್ತರಿಸಿ ಚಿಕ್ಕದು ಮಾಡಿದರು, ಕತ್ತರಿಸಿದ ಭಾಗ ಕಳೆದೇಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಸಿನಿಮಾ ಮ್ಯೂಸಿಯಮ್ಮಿನಲ್ಲಿ ಗೀರು ತುಂಬಿದ ಒಂದು 16 ಎಂಎಂ ಪ್ರತಿ ಸಿಕ್ಕಿತು. ಸುಮಾರು 25 ನಿಮಿಷದ ಕಳೆದ ದೃಶ್ಯಗಳು ಅದರಲ್ಲಿದ್ದವು. ಈಗಿನ ಪ್ರತಿಯಲ್ಲಿ ಆ ಭಾಗ ಬಂದ ಕೂಡಲೇ ತೆರೆ ಮೇಲೆ ಮಳೆ ಸುರಿದ ಹಾಗೆ ಗೀರುಗಳು ಕಾಣುತ್ತವೆ. ನನಗೆ ಆ ಗೀರುಗಳು ಬಂದಾಗಲೆಲ್ಲ ಕಣ್ಣು ತುಂಬುತ್ತೆ.

ನಮ್ಮವರಿಗೆ ಜಾಸ್ತಿ ಗೊತ್ತಿಲ್ಲದ ಒಂದು ಮಾತು. 'ಮೆಟ್ರೊಪೊಲಿಸ್' ಕಥೆ ಬರೆದದ್ದು ಲ್ಯಾಂಗ್ ಅವರ ಆಗಿನ ಹೆಂಡತಿ ಥಿಯಾ ಫಾನ್ ಹಾರ್ಬೌ. ಲ್ಯಾಂಗ್‌ರಿಂದ ಬೇರೆಯಾದ ಮೇಲೆ ಅವರು ಮದುವೆಯಾದದ್ದು ಬರ್ಲಿನ್‌ನಲ್ಲಿ ಓದುತ್ತಿದ್ದ, ತಮಗಿಂತ ಎಷ್ಟೋ ಚಿಕ್ಕವರಾದ ಆಯಿ ತೆಂಡೂಲ್ಕರ್ ಎಂಬ ಭಾರತೀಯ ಪತ್ರಕರ್ತರನ್ನು. ತೆಂಡೂಲ್ಕರ್ ಆಮೇಲೆ ಭಾರತಕ್ಕೆ ಬಂದು ಬೆಳಗಾವಿಯಲ್ಲಿ ಪತ್ರಿಕೆ ನಡೆಸಿದರು. ಅವರ ಮಗಳು ಈ ಕಥೆಯನ್ನು ಪುಸ್ತಕವಾಗಿ ಬರೆದಿದ್ದಾರೆ. ಪ್ರಪಂಚದ ಮೊದಲ ದೊಡ್ಡ ಸೈನ್ಸ್ ಫಿಕ್ಷನ್ ಚಿತ್ರವನ್ನು ಬರೆದವರ ನೆಂಟಸ್ತಿಕೆ ನಮ್ಮ ಬೆಳಗಾವಿವರೆಗೆ ಬಂದಿತ್ತು ಅಂತ ತಿಳಿದ ದಿನ ಆಫೀಸಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೇನೆ.

ಹೊಸ ಚಿತ್ರಗಳಲ್ಲಿ ಈ ಭಯ ಸತ್ತಿಲ್ಲ. ಜೋರ್ಡನ್ ಪೀಲ್ ಅವರ 2017ರ 'ಗೆಟ್ ಔಟ್' ಚಿತ್ರದಲ್ಲಿ ಮನೆಗೆಲಸದ ಹೆಂಗಸು ನಗುತ್ತಾ ನಗುತ್ತಾ ಇಲ್ಲ ಇಲ್ಲ ಎನ್ನುವಾಗ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತೆ. ಮೈ ಒಂದೇ, ಒಳಗೆ ಇಬ್ಬರು. ನಗು ಒಬ್ಬರದು, ಕಣ್ಣೀರು ಇನ್ನೊಬ್ಬರದು. ನಮ್ಮ ಪವನ್ ಕುಮಾರ್ ಅವರ 'ಲೂಸಿಯಾ', 2013ರಲ್ಲಿ ಪ್ರೇಕ್ಷಕರೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ, ಈ ಪ್ರಶ್ನೆಯನ್ನು ತನಗೇ ಕೇಳಿಕೊಳ್ಳುತ್ತೆ. ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವವನು ನಿಜವೋ, ಸಿನಿಮಾ ಸ್ಟಾರ್ ನಿಜವೋ, ನಾನು ನಾನೇನಾ? ನಿದ್ದೆ ಬಾರದ ರಾತ್ರಿ ಅದನ್ನು ನೋಡಬಾರದು.

ಆದರೆ ಅಜ್ಜಿಯ ಮಾತನ್ನು ಅಕ್ಷರಕ್ಕೆ ಅಕ್ಷರ ತೆರೆ ಮೇಲೆ ತಂದದ್ದು 2018ರ 'ಅನೈಹಿಲೇಷನ್'. ಅಲೆಕ್ಸ್ ಗಾರ್ಲೆಂಡ್ ನಿರ್ದೇಶನ. ಕಾಡಿನ ನಡುವೆ ಒಂದು ಖಾಲಿ ಮನೆ. ಮೂವರು ಹೆಂಗಸರನ್ನು ಕುರ್ಚಿಗಳಿಗೆ ಕಟ್ಟಿಹಾಕಲಾಗಿದೆ, ಕಟ್ಟಿದವಳೂ ಅವರ ಗುಂಪಿನವಳೇ. ಅವರ ಗೆಳತಿಯೊಬ್ಬಳನ್ನು ಕರಡಿಯಂಥ ಒಂದು ಪ್ರಾಣಿ ಆಗಲೇ ಎಳೆದುಕೊಂಡು ಹೋಗಿದೆ. ಹೊರಗೆ ಕತ್ತಲಲ್ಲಿ ಆ ಗೆಳತಿಯ ದನಿ, ಕಾಪಾಡಿ ಅಂತ. ಕಟ್ಟಿದವಳು ಹೆಸರು ಕೂಗುತ್ತಾ ಓಡಿ ಹೋಗುತ್ತಾಳೆ. ಸದ್ದು ನಿಲ್ಲುತ್ತೆ. ಆಮೇಲೆ ಬಾಗಿಲಲ್ಲಿ ಆ ಕರಡಿ, ಅರ್ಧ ಮುಖ ಬರೀ ಮೂಳೆ, ನಿಧಾನಕ್ಕೆ ಒಳಗೆ ಬರುತ್ತೆ, ಒಬ್ಬಳ ಹೆಗಲ ಹತ್ತಿರ ಮೂತಿ ತಂದು ಬಾಯಿ ತೆರೆಯುತ್ತೆ. ಬಾಯಿಂದ ಬರುವುದು ಗೆಳತಿಯ ಕೂಗು. ಸತ್ತವಳ ಕೊನೆಯ ಗಳಿಗೆ ಆ ಪ್ರಾಣಿಯ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿದೆ. ನಾನು ಅಲ್ಲಿಗೆ ನಿಲ್ಲಿಸಿಬಿಟ್ಟೆ. ಮನೆಯ ದೀಪ ಎಲ್ಲ ಹಾಕಿದೆ. ಅಜ್ಜಿ ಹೋಗಿ ಆಗಲೇ ಆರು ವರ್ಷ ಆಗಿತ್ತು. ಅವರು ಒಂದು ಸಿನಿಮಾವನ್ನೂ ಥಿಯೇಟರಿಗೆ ಹೋಗಿ ನೋಡಿದವರಲ್ಲ. ಈ ದೃಶ್ಯವನ್ನು ಅವರಿಗೆ ತೋರಿಸಿದ್ದರೆ ಹೂಂ, ನಾನು ಹೇಳಲಿಲ್ವಾ ಅಂತ ತಲೆ ಆಡಿಸುತ್ತಿದ್ದರು, ಅಷ್ಟೇ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಣ್ಣನ ಮಗಳು ಈಗ ಪಿಯುಸಿ. "ಅತ್ತೆ, ಆ ಐಸ್ ದೆವ್ವ ತೋರ್ಸು" ಅಂತ ಎರಡು ವರ್ಷದಿಂದ ಕೇಳುತ್ತಿದ್ದಳು. ಅಮ್ಮ, ಅತ್ತಿಗೆ ಮಲಗಿದ ಮೇಲೆ ಹಾಕಿದೆವು. ರಕ್ತದ ದೃಶ್ಯದಲ್ಲಿ ಅಣ್ಣ ಸುಮ್ಮನೆ ಎದ್ದು ಹೋಗಿ ಇನ್ವರ್ಟರ್ ಆನ್ ಇದೆಯಾ ಅಂತ ನೋಡಿಕೊಂಡು ಬಂದ. ಸಿನಿಮಾ ಮುಗಿಯಿತು. ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಶುರುವಲ್ಲಿ ಆ ನಾಯಿ ಒಂದು ರೂಮಿಗೆ ಹೋಯ್ತಲ್ಲ, ಅಲ್ಲಿ ಇದ್ದಿದ್ದು ಯಾರು?"

ವಾಪಸ್ ಹಾಕಿದೆವು. ಉದ್ದನೆಯ ಓಣಿ. ನಾಯಿ ಸದ್ದಿಲ್ಲದೆ ನಡೆದು ಬರುತ್ತೆ, ಒಂದು ಬಾಗಿಲ ಮುಂದೆ ನಿಂತು ಯೋಚಿಸುತ್ತೆ, ಮುಂದಿನ ಬಾಗಿಲೊಳಗೆ ಹೋಗುತ್ತೆ. ಗೋಡೆ ಮೇಲೆ ಒಬ್ಬ ಮನುಷ್ಯನ ನೆರಳು. ನೆರಳಿನ ತಲೆ ನಾಯಿಯ ಕಡೆ ತಿರುಗುತ್ತೆ. ಅಲ್ಲಿಗೆ ಕಟ್. ಹುಡುಗಿ ನಿಲ್ಲಿಸಿ ಟಿವಿ ಹತ್ತಿರ ಹೋಗಿ ನೋಡಿದಳು. "ಪಾಮರ್" ಅಂದಳು. ಅಣ್ಣ "ಮೂಗು ನೋಡು, ನಾರಿಸ್" ಅಂದ. ಅದು ಆ ಹನ್ನೆರಡು ಜನರಲ್ಲಿ ಯಾರದ್ದೂ ಅಲ್ಲ, ನೋಡಿದವರು ಗುರುತು ಹಿಡಿಯಬಾರದು ಅಂತ ಕಾರ್ಪೆಂಟರ್ ಒಬ್ಬ ಸ್ಟಂಟ್‌ಮ್ಯಾನ್‌ನನ್ನು ಅಲ್ಲಿ ನಿಲ್ಲಿಸಿದ್ದರು ಎಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಇಬ್ಬರೂ ಮತ್ತೆ ಹಿಂದಕ್ಕೆ ಹಾಕಿ ನೋಡುತ್ತಿದ್ದರು.